ದೇವಿಮನೆ ಘಟ್ಟ ಇಳಿಯುವಾಗ ಎಡ ತಿರುವಿನಲ್ಲಿ ಬುಲೆಟ್ ಬಂದ್, ಹತ್ತುವಾಗ ಏನೂ ಇಲ್ಲ!

ಶಿರಸಿ ಗುಡುಗುಡು
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ ಬುಲೆಟ್ ಸ್ಟ್ಯಾಂಡರ್ಡ್ 350, 1993ರದ್ದು. 12 ವೋಲ್ಟ್, ಪಾಯಿಂಟ್ (ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಇರುವ ಗಾಡಿ, ಡೂಮಿನ (ಹೆಡ್‌ಲೈಟ್ ಕೂರುವ ಲೋಹದ ಬುರುಡೆಯ) ಮೇಲೆ ಬ್ಯಾಟರಿಯ ಕರೆಂಟ್ ತೋರಿಸುವ ಆಂಪಿಯರ್ ಮೀಟರ್ ಇದೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ.

ಎರಡು ವಾರದ ಹಿಂದೆ ಕುಮಟಾಕ್ಕೆ ಹೊರಟಿದ್ದೆ. ಹೆಂಡತಿ ಹಿಂದೆ ಕೂತಿದ್ದಳು. ಜಿಟಿಜಿಟಿ ಮಳೆ. ಬಂಡಲ ದಾಟಿ ದೇವಿಮನೆ ಘಟ್ಟ ಇಳಿಯುವಾಗ ಒಂದು ಎಡ ತಿರುವಿನಲ್ಲಿ ಹೆಡ್‌ಲೈಟ್ ಆರಿತು, ಹಿಂದೆಯೇ ಎಂಜಿನ್ ಆಫ್. ಹಾರ್ನ್ ಒತ್ತಿದೆ, ಸದ್ದಿಲ್ಲ. ಹ್ಯಾಂಡಲ್ ನೇರ ಮಾಡಿದ ಕೂಡಲೇ ಗೇರಿನಲ್ಲೇ ಇದ್ದ ಗಾಡಿ ಮತ್ತೆ ಹಿಡಿಯಿತು. ಕತಗಾಲ ಮುಟ್ಟುವುದರೊಳಗೆ ಹೀಗೆ ನಾಲ್ಕು ಸಲ. ಮರುದಿನ ವಾಪಸ್ ಬರುವಾಗ ಅದೇ ಘಟ್ಟ, ಅದೇ ಮಳೆ, ಏನೂ ಆಗಲಿಲ್ಲ. ಮತ್ತೊಂದು ವಾರ ಬಿಟ್ಟು ಇಳಿದೆ, ಮತ್ತೆ ಅದೇ ಕಥೆ.

ಇಲ್ಲಿ ಮೆಕ್ಯಾನಿಕ್ ಹತ್ತಿರ ತೋರಿಸಿದೆ. ಬ್ಯಾಟರಿ ಹೊಸದು, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಹೊಸದು, ಪ್ಲಗ್ ಹೊಸದು. ನಾಲ್ಕೂವರೆ ಸಾವಿರ ಹೋಯಿತು, ರೋಗ ಹಾಗೇ ಇದೆ. ಹೆಂಡತಿ ಈಗ "ನೀವು ಬೈಕಲ್ಲಿ ಬನ್ನಿ, ನಾನು ಬಸ್ಸಿಗೆ ಹೋಗಿರ್ತೇನೆ" ಅನ್ನುತ್ತಿದ್ದಾಳೆ. ಯಾರಿಗಾದರೂ ಹೀಗಾಗಿದ್ಯಾ?

ಕಾಳಿ ದಡದವ (ಕಾರವಾರ)
ಪಾಯಿಂಟ್ ಗಾಡಿಯ ಹಣೆಬರಹವೇ ಇಷ್ಟು. ಪಾಯಿಂಟ್, ಅದು ಸುಡದ ಹಾಗೆ ಕಾಯುವ ಕಂಡೆನ್ಸರ್ ಎರಡೂ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿ. ನಾನು ಹಾಕಿಸಿ ಆರು ವರ್ಷ ಆಯ್ತು, ಆಮೇಲೆ ಆ ಕವರ್ ಬಿಚ್ಚಿ ನೋಡಿಲ್ಲ.

ಹೊನ್ನಾವರ ಸವಾರ
ಇಳಿಯುವಾಗ ಮಾತ್ರ ಅಂದ್ರೆ ಪೆಟ್ರೋಲ್ ಇರಬಹುದು ಅಲ್ವಾ? ಟ್ಯಾಂಕಿನಲ್ಲಿ ಎಣ್ಣೆ ಕಡಿಮೆ ಇದ್ದರೆ ಇಳಿಜಾರಿನಲ್ಲಿ ಮುಂದಕ್ಕೆ ಹೋಗುತ್ತದೆ, ಕಾಕಿಗೆ (ಟ್ಯಾಂಕಿನ ನಲ್ಲಿಗೆ) ಸಿಗುವುದಿಲ್ಲ.

ಹಳೇ ವೈರ್‌ಮನ್ (ಅಂಕೋಲಾ)
ಪೆಟ್ರೋಲ್ ಅಲ್ಲ. ಪೆಟ್ರೋಲ್ ನಿಂತರೆ ಎಂಜಿನ್ ಸಾಯುತ್ತದೆ, ಹಾರ್ನ್ ಸಾಯುವುದಿಲ್ಲ. ಪಾಯಿಂಟೂ ಅಲ್ಲ, ಅದು ಕೆಟ್ಟರೆ ಹೆಡ್‌ಲೈಟ್ ಯಾಕೆ ಆರಬೇಕು? ಲೈಟು, ಹಾರ್ನು, ಎಂಜಿನ್ ಮೂರೂ ಒಟ್ಟಿಗೆ ಹೋದವು ಅಂದ್ರೆ ಮೂರಕ್ಕೂ ಕರೆಂಟ್ ಕೊಡುವ ದಾರಿಯಲ್ಲೇ ತೊಂದರೆ. ಪಾಪ, ಕಾಯಿಲ್ಲು ಪ್ಲಗ್ಗು ಸುಮ್ನೆ ಬದಲಾದವು.

ಗುಡುಗುಡು ಅವರೇ, ಮೂರು ಪ್ರಶ್ನೆ. ಗಾಡಿ ಆಫ್ ಆದಾಗ ಆಂಪಿಯರ್ ಮೀಟರಿನ ಮುಳ್ಳು ಎಲ್ಲಿತ್ತು? ಫ್ಯೂಸ್ ಸುಟ್ಟಿದ್ಯಾ? ಮಳೆಗಾಲಕ್ಕೆ ಮುಂಚೆ ಗಾಡಿಯಲ್ಲಿ ಏನಾದರೂ ಬಿಚ್ಚಿ ಕಟ್ಟಿಸಿದ್ರಾ?

ಮೊದಲನೆಯದು ಯಾಕೆ ಕೇಳಿದೆ ಅಂದ್ರೆ, ಮುಳ್ಳು ಮಧ್ಯಕ್ಕೆ ಬಂದು ಸುಮ್ನೆ ನಿಂತಿದ್ದರೆ ಎಲ್ಲೋ ವೈರ್ ತುಂಡಾಗಿದೆ ಅಂತ ಅರ್ಥ. ಮೈನಸ್ ಕಡೆಗೆ ಬಡಿದು ಕೂತಿದ್ದರೆ ಎಲ್ಲೋ ವೈರ್ ಗಾಡಿಯ ಬಾಡಿಗೆ, ಅಂದ್ರೆ ಕಬ್ಬಿಣದ ಮೈಗೆ, ತಾಗುತ್ತಿದೆ. ಎರಡಕ್ಕೂ ಹುಡುಕುವ ಕ್ರಮ ಬೇರೆ. ಆ ಮೀಟರ್ ಇರುವುದು ಚಂದಕ್ಕಲ್ಲ.

ಶಿರಸಿ ಗುಡುಗುಡು
ಅಣ್ಣಾ, ಮುಳ್ಳು ಮೈನಸ್ ತುದಿಗೆ ಹೋಗಿ ಬಡಿದದ್ದು ನೋಡಿದ್ದೆ! ಮೀಟರ್ ಹಾಳಾಗಿದೆ ಅಂದುಕೊಂಡೆ. ಫ್ಯೂಸ್ ಸುಟ್ಟಿಲ್ಲ, ಒಮ್ಮೆಯೂ ಬದಲಿಸಿಲ್ಲ. ಮೇ ತಿಂಗಳಲ್ಲಿ ಹ್ಯಾಂಡಲ್ ಬಿಗಿ ಅಂತ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹಾಕಿಸಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಈಗಷ್ಟೇ ಶೆಡ್ಡಿನಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಕೀ ಆನ್ ಮಾಡಿ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ಹತ್ತು ಸಲ ತಿರುಗಿಸಿದೆ. ಮುಳ್ಳು ಅಲ್ಲಾಡಲಿಲ್ಲ.

ಹಳೇ ವೈರ್‌ಮನ್ (ಅಂಕೋಲಾ)
ಬಾಡಿಗೆ ತಾಗುತ್ತಿದೆ, ಆದರೂ ಫ್ಯೂಸ್ ಸುಡುತ್ತಿಲ್ಲ. ಇದು ಭಯ ಹುಟ್ಟಿಸುವ ಮಾತು. ಮೊದಲು ಫ್ಯೂಸ್ ಹೋಲ್ಡರ್ ಬಿಚ್ಚಿ ಒಳಗೆ ಏನಿದೆ ನೋಡಿ ಹೇಳಿ. ಅಲ್ಲಿಯವರೆಗೆ ಗಾಡಿ ತೆಗೆಯಬೇಡಿ.

ಶಿರಸಿ ಗುಡುಗುಡು
ಗಾಜಿನ ಫ್ಯೂಸ್ ಇದೆ. ಒಳಗಿನ ಎಳೆ ಯಾವಾಗಲೋ ಸುಟ್ಟು ಹೋಗಿದೆ. ಹೊರಗಿನಿಂದ ತಾಮ್ರದ ಎಳೆ ಮೂರು ಸುತ್ತು ಸುತ್ತಿದ್ದಾರೆ. ಅಪ್ಪ ಸುತ್ತಿದ್ದೋ, ಯಾರು ಸುತ್ತಿದ್ದೋ.

ಎಜ್ಡಿ ಪ್ರೇಮಿ (ಯಲ್ಲಾಪುರ)
ಅಯ್ಯೋ ಮಾರಾಯ್ರೆ! ತೊಡೆ ಮಧ್ಯ ಪೆಟ್ರೋಲ್ ಟ್ಯಾಂಕ್, ಕೆಳಗೆ ಶಾರ್ಟಾದರೂ ಕಡಿಯದ ಆ ಫ್ಯೂಸ್.

ನನ್ನ ಎಜ್ಡಿ ಬೈಕಿನಲ್ಲೂ ಹಿಂದಿನ ಮಾಲೀಕರು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರು. ನಮ್ಮದು 6 ವೋಲ್ಟ್, ಡೈನಮೊ. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಂಪನಿ 1996ರಲ್ಲಿ ಬಾಗಿಲು ಹಾಕಿತು, ಆಮೇಲೆ ಹಳೇ ಗಾಡಿಗೆ ನಾವೇ ಡಾಕ್ಟರು. ಅರಬೈಲು ಘಟ್ಟದಲ್ಲಿ ಒಮ್ಮೆ ನನಗೆ ಲೈಟು ಮೇಣದಬತ್ತಿಯಷ್ಟಾಯಿತು. ಎಲ್ಲರೂ ಡೈನಮೊದೊಳಗೆ ತಿರುಗುವ ಆರ್ಮೇಚರ್ ಹೋಗಿದೆ ಅಂದರು. ಬಲಗಡೆ ಕವರ್ ಬಿಚ್ಚಿ ನೋಡಿದರೆ ಕಾರ್ಬನ್ ಬ್ರಷ್ ತನ್ನ ಮನೆಯೊಳಗೆ ಸಿಕ್ಕಿ ಕೂತಿತ್ತು. ಕಪ್ಪು ಪುಡಿ ತುಂಬಿ ಸ್ಪ್ರಿಂಗ್ ಒತ್ತಲಾರದೆ ಬಿಟ್ಟಿತ್ತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಆರಲು ಬಿಟ್ಟು ಕೂರಿಸಿದೆ. ಖರ್ಚು ಸೊನ್ನೆ. ಇಲ್ಲಿಗೆ ಸಂಬಂಧ ಇಲ್ಲ, ಆದ್ರೂ ಹೇಳದೆ ಇರಲಿಕ್ಕೆ ಆಗಲಿಲ್ಲ. ಜುಲೈ ಎರಡನೇ ಭಾನುವಾರ ಜಾವಾ-ಎಜ್ಡಿ ದಿನ, ಘಟ್ಟದ ಮೇಲಿನವರು ಯಾರಾದರೂ ಬರ್ತೀರಾ?

ಹಳೇ ವೈರ್‌ಮನ್ (ಅಂಕೋಲಾ)
ಗುಡುಗುಡು, ಆ ಫ್ಯೂಸನ್ನು ತೆಗೆದು ಆಚೆ ಇಡು. (ಏಕವಚನಕ್ಕೆ ಇಳಿದೆ, ಬೇಜಾರಿಲ್ಲ ತಾನೇ? ನನ್ನ ಮಗನ ವಯಸ್ಸಿನವನಿರಬೇಕು.)

ಈಗ ಒಂದು ಕೆಲಸ ಮಾಡು. ಹಿಂದಿನ ಬ್ರೇಕ್ ಲೈಟಿಗೆ ಹಾಕುವ 12 ವೋಲ್ಟ್ 21 ವಾಟಿನ ಬಲ್ಬ್ ಒಂದು ತಾ, ಹೋಲ್ಡರ್ ಸಮೇತ. ಎರಡು ಮೊಳ ಉದ್ದದ ಎರಡು ವೈರ್ ಅದಕ್ಕೆ ಸೇರಿಸು. ಫ್ಯೂಸ್ ಇದ್ದ ಜಾಗದಲ್ಲಿ ಆ ಎರಡು ವೈರಿನ ತುದಿ ಕೊಡು. ಅಂದ್ರೆ ಫ್ಯೂಸಿನ ಬದಲು ಬಲ್ಬ್. ಬಲ್ಬನ್ನು ಡೂಮಿನ ಹತ್ತಿರ ಕಾಣುವ ಹಾಗೆ ನೇತುಹಾಕು.

ಇನ್ನು ಎಲ್ಲಿ ಬಾಡಿಗೆ ತಾಗಿದರೂ ಬ್ಯಾಟರಿಯ ಕರೆಂಟ್ ಆ ಬಲ್ಬ್ ದಾಟಿಯೇ ಹೋಗಬೇಕು. 21 ವಾಟ್ ಅಂದ್ರೆ ಒಂದೂಮುಕ್ಕಾಲು ಆಂಪಿಯರ್, ಅದಕ್ಕಿಂತ ಜಾಸ್ತಿ ಹರಿಯಲು ಅದು ಬಿಡುವುದಿಲ್ಲ. ವೈರ್ ಸುಡುವುದಿಲ್ಲ, ಫ್ಯೂಸ್ ದಂಡ ಇಲ್ಲ. ಬಲ್ಬ್ ಭಗ್ ಅಂತ ಪೂರ್ತಿ ಉರಿದರೆ ಆ ಕ್ಷಣ ನಿನ್ನ ಕೈ ಎಲ್ಲಿತ್ತೋ ಅಲ್ಲೇ ರೋಗ. ಇದಕ್ಕೆ ಮೀಟರ್ ಬೇಡ, ಓದು ಬೇಡ. ಪಂಪ್‌ಸೆಟ್ ವೈರಿಂಗ್ ಮಾಡುವವರಿಗೆಲ್ಲ ಗೊತ್ತು, ಬೈಕ್ ಅಂದ ಕೂಡಲೇ ಮರೆತು ಕಾಯಿಲ್ ಬದಲಿಸುತ್ತಾರೆ.

ಲೈಟ್ ಸ್ವಿಚ್ ಆಫ್ ಇರಲಿ, ಕೀ ಮಾತ್ರ ಆನ್. ಹ್ಯಾಂಡಲನ್ನು ನಿಧಾನ ತಿರುಗಿಸು. ಬರೀ ತಿರುಗಿಸಿದರೆ ಸಾಲದು. ಘಟ್ಟ ಇಳಿಯುವಾಗ ನಿನ್ನ ಕೈಕಾಲು ಏನೇನು ಮಾಡುತ್ತಿತ್ತೋ ಅದನ್ನೆಲ್ಲ ಮಾಡು.

ಶಿರಸಿ ಗುಡುಗುಡು
ಏಕವಚನವೇ ಚೆಂದ ಅಣ್ಣಾ. ಬಲ್ಬ್ ಕಟ್ಟಿದೆ. ಕೀ ಆನ್ ಮಾಡಿದ ಕೂಡಲೇ ಅರೆಬರೆ ಉರಿಯುತ್ತಿದೆ, ಕೆಂಪಗೆ. ಏನನ್ನೂ ಮುಟ್ಟೇ ಇಲ್ಲ. ಹಾಗಾದ್ರೆ ಯಾವಾಗಲೂ ಶಾರ್ಟ್ ಇದ್ಯಾ?

ಹಳೇ ವೈರ್‌ಮನ್ (ಅಂಕೋಲಾ)
ಇಲ್ಲ ತಮ್ಮಾ, ಅದು ನಿನ್ನ ಹೊಸ ಕಾಯಿಲ್. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದೆ. ಕರೆಂಟು ಕಾಯಿಲ್ ದಾಟಿ, ಪಾಯಿಂಟ್ ದಾಟಿ ಬಾಡಿಗೆ ಹೋಗುತ್ತಿದೆ. ಅರ್ಧ ಬೆಳಕು ಅಂದ್ರೆ ದಾರಿಯಲ್ಲಿ ಏನೋ ಒಂದು ಕೆಲಸ ಮಾಡುತ್ತಿದೆ ಅಂತ. ಪೂರ್ತಿ ಬೆಳಕು ಅಂದ್ರೆ ನೇರ ಬಾಡಿಗೆ. ಪಾಯಿಂಟ್ ಕವರ್ ಬಿಚ್ಚಿ ಎರಡು ತುದಿಯ ಮಧ್ಯ ಒಣಗಿದ ದಪ್ಪ ಕಾಗದದ ಚೂರು ಸಿಕ್ಕಿಸು. ಲಗ್ನಪತ್ರಿಕೆ ಸಾಕು. ಬಲ್ಬ್ ಆರುತ್ತದೆ. ಕೆಲಸ ಮುಗಿದ ಮೇಲೆ ಕಾಗದ ತೆಗೆಯಲು ಮರೆತು, ಕಿಕ್ ಹೊಡೆದು ಹೊಡೆದು ಸುಸ್ತಾಗಿ ನನಗೆ ಬೈಯಬೇಡ.

ಕಾಳಿ ದಡದವ (ಕಾರವಾರ)
ನೋಡಿ, ಪಾಯಿಂಟ್ ಇಲ್ಲದಿದ್ದರೆ ಲಗ್ನಪತ್ರಿಕೆಯೂ ಬೇಕಿರಲಿಲ್ಲ. 🙂

ಶಿರಸಿ ಗುಡುಗುಡು
ಸಿಕ್ಕಿತು!!

ಕಾಗದ ಸಿಕ್ಕಿಸಿದ ಮೇಲೆ ಬಲ್ಬ್ ಆರಿತು. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದೆ, ಇಲ್ಲ. ಎಡಗಾಲಲ್ಲಿ ಹಿಂದಿನ ಬ್ರೇಕ್ ಒತ್ತಿದೆ, ಸ್ವಲ್ಪ ಕೆಂಪಾಯಿತು. ಅದು ಬ್ರೇಕ್ ಲೈಟ್ ಅಂತ ಈಗ ಗೊತ್ತು. ಆಮೇಲೆ ಹ್ಯಾಂಡಲ್ ಎಡಕ್ಕೆ ಹಿಡಿದುಕೊಂಡೇ ಮುಂದಿನ ಬ್ರೇಕ್ ಹಿಡಿದೆ. ಬಲ್ಬ್ ಭಗ್! ಕೈ ಬಿಟ್ಟರೆ ಆರಿತು, ಹಿಡಿದರೆ ಭಗ್. ಮುಂದಿನ ಬ್ರೇಕಿಗೆ ನನ್ನ ಗಾಡಿಯಲ್ಲಿ ಸ್ವಿಚ್ಚೇ ಇಲ್ಲ! ಐದು ನಿಮಿಷ ಪೆದ್ದನ ಹಾಗೆ ಹಿಡಿಯುವುದು ಬಿಡುವುದು ಮಾಡುತ್ತಾ ಕೂತೆ. ಅಮ್ಮ ಕೊಟ್ಟಿಗೆಯಿಂದ ಬಂದು "ಎಂತ ಆಟ ಅದು" ಅಂದರು.

ಟ್ಯಾಂಕ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಡೂಮಿನಿಂದ ಹಿಂದಕ್ಕೆ ಬರುವ ವೈರಿನ ಕಟ್ಟನ್ನು ಕೋನ್ ಸೆಟ್ ಹಾಕಿದಾಗ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿದ್ದಾರೆ, ಅದೂ ಹ್ಯಾಂಡಲ್ ಲಾಕ್ ಬಡಿಯುವ ಕಬ್ಬಿಣದ ಮೂಲೆಯ ಪಕ್ಕಕ್ಕೇ. ಮುಂದಿನ ಬ್ರೇಕ್ ಕೇಬಲ್ ಅದರ ಮೇಲೆ ಹಾದುಹೋಗುತ್ತದೆ. ಬ್ರೇಕ್ ಹಿಡಿದಾಗ ಕೇಬಲ್ ಬಿಗಿದು ನೆಟ್ಟಗಾಗುತ್ತದೆ, ವೈರಿನ ಕಟ್ಟನ್ನು ಆ ಮೂಲೆಗೆ ಒತ್ತುತ್ತದೆ. ಹೊರಗಿನ ಕಪ್ಪು ಸ್ಲೀವ್ ಸವೆದು, ಒಳಗೆ ಒಂದು ಕಂದು ವೈರಿನ ಪ್ಲಾಸ್ಟಿಕ್ಕೂ ಸವೆದು, ಅಡಿಕೆ ಹೋಳಿನಷ್ಟು ಉದ್ದ ತಾಮ್ರ ಹೊಳೆಯುತ್ತಿದೆ. ಎದುರಿನ ಕಬ್ಬಿಣದ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆ, ಕಿಡಿ ಹಾರಿದ ಗುರುತು.

ಎಡ ತಿರುವು, ಇಳಿಜಾರು, ಮುಂದಿನ ಬ್ರೇಕು. ಮೂರೂ ಸೇರಿದರೆ ಮಾತ್ರ. ಹತ್ತುವಾಗ ಯಾರು ಮುಂದಿನ ಬ್ರೇಕ್ ಹಿಡಿಯುತ್ತಾರೆ!

ಹೊನ್ನಾವರ ಸವಾರ
ಅಬ್ಬಾ! ಪೆಟ್ರೋಲ್ ಅಂದಿದ್ದಕ್ಕೆ ಕ್ಷಮೆ ಇರಲಿ. ಇನ್ನು ಇನ್ಸುಲೇಷನ್ ಟೇಪ್ ಸುತ್ತಿದರೆ ಮುಗೀತಲ್ಲ?

ಗೋಕರ್ಣ ರೋಡ್ ಅಕ್ಕ
ಬರೀ ಟೇಪ್ ಸುತ್ತಬೇಡಿ ತಮ್ಮಾ. ನಮ್ಮ ಕಡೆಯ ಸೆಕೆಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಮಳೆಗೆ ಬಿಚ್ಚಿಕೊಳ್ಳುತ್ತದೆ. ಆ ವೈರನ್ನು ಅಲ್ಲಿ ಕತ್ತರಿಸಿ ಅಷ್ಟೇ ದಪ್ಪದ ಹೊಸ ತುಂಡು ಸೇರಿಸಿ. ಶಾಖ ಕೊಟ್ಟರೆ ಕುಗ್ಗುವ ಸ್ಲೀವ್ ಬರುತ್ತದಲ್ಲ, ಅದನ್ನು ಸೇರಿಸುವ ಮೊದಲೇ ವೈರಿಗೆ ತೂರಿಸಿಟ್ಟುಕೊಳ್ಳಿ. (ನಾನು ಪ್ರತಿ ಸಲ ಮರೆತು, ಬೆಸುಗೆ ಹಾಕಿದ ಮೇಲೆ ನೆನಪಾಗಿ, ಮತ್ತೆ ಬಿಚ್ಚುತ್ತೇನೆ.) ಕಟ್ಟನ್ನು ಸಡಿಲ ಬಿಡಿ, ಹ್ಯಾಂಡಲ್ ಎರಡೂ ಕಡೆ ತಿರುಗಿದಾಗ ಎಳೆಯಬಾರದು, ಒತ್ತಬಾರದು.

ನನ್ನದು ಅಪ್ಪನ ಬುಲೆಟ್, ಸಮುದ್ರದಿಂದ ಒಂದು ಫರ್ಲಾಂಗ್ ದೂರದ ಮನೆ. ಇಲ್ಲಿ ಉಪ್ಪುಗಾಳಿ. ಡೂಮಿನೊಳಗಿನ ಕನೆಕ್ಟರ್ ವರ್ಷಕ್ಕೊಮ್ಮೆ ಬಿಚ್ಚಿ ನೋಡದಿದ್ದರೆ ಹಸಿರು ಕಿಲುಬು ಕಟ್ಟಿರುತ್ತದೆ. ಹೊರಗಿನಿಂದ ವೈರ್ ಸರಿಯಾಗೇ ಕಾಣುತ್ತದೆ, ಎಳೆದರೆ ಒಳಗೆ ಹಸಿರು ಪುಡಿ.

ಹಳೇ ವೈರ್‌ಮನ್ (ಅಂಕೋಲಾ)
ಅಕ್ಕ ಹೇಳಿದ್ದು ಸರಿ. ಬೆಸುಗೆಯ ವಿಷಯದಲ್ಲಿ ಮಾತ್ರ ನನ್ನದು ತಕರಾರು. ಬುಲೆಟ್ಟಿನ ನಡುಕಕ್ಕೆ ಬೆಸುಗೆ ಹಾಕಿದ ವೈರ್ ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ, ಅಲ್ಲಿ ಬಳುಕುವುದಿಲ್ಲ ನೋಡಿ. ಥಿಂಬಲ್ (ವೈರ್ ಒತ್ತಿ ಹಿಡಿಯುವ ಲೋಹದ ತೊಟ್ಟು) ಹಾಕಿ ಗಟ್ಟಿ ಒತ್ತಿದರೆ ಒಳ್ಳೆಯದು.

ಗೋಕರ್ಣ ರೋಡ್ ಅಕ್ಕ
ಥಿಂಬಲ್ಲಿನೊಳಗೆ ಉಪ್ಪುಗಾಳಿ ನುಗ್ಗುತ್ತದೆ ಕಾಕಾ, ಬೆಸುಗೆಯೊಳಗೆ ನುಗ್ಗುವುದಿಲ್ಲ. ಹನ್ನೊಂದು ವರ್ಷದ ಬೆಸುಗೆ ಇನ್ನೂ ಇದೆ ನಂದು. ಬೆಸುಗೆ ಹಾಕಿದ ಜಾಗ ಅಲ್ಲಾಡದ ಹಾಗೆ ಫ್ರೇಮಿಗೆ ಕಟ್ಟಬೇಕು ಅಷ್ಟೇ.

ಹಳೇ ವೈರ್‌ಮನ್ (ಅಂಕೋಲಾ)
ಘಟ್ಟದ ಮೇಲೆ ಥಿಂಬಲ್, ಕಡಲ ಬದಿಗೆ ಬೆಸುಗೆ ಅಂತ ಇಟ್ಟುಕೊಳ್ಳೋಣ. ನಾನು ಅಂಕೋಲಾದವನು, ಎರಡರ ಮಧ್ಯ ಸಿಕ್ಕಿಬಿದ್ದೆ.

ಶಿರಸಿ ಗುಡುಗುಡು
ವೈರ್ ಸರಿ ಮಾಡಿದೆ (ಥಿಂಬಲ್, ಕ್ಷಮಿಸಿ ಅಕ್ಕಾ). ಹೊಸ ಗಾಜಿನ ಫ್ಯೂಸ್ ಹಾಕಿದೆ, ಎರಡು ಜಾಸ್ತಿ ತಂದು ಟೂಲ್ ಬಾಕ್ಸಿನಲ್ಲಿಟ್ಟೆ. ಊರೊಳಗೆ ನಾಲ್ಕು ದಿನ ಓಡಿಸಿದೆ. ಈಗ ಇನ್ನೊಂದು. ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂದ ಆಗುತ್ತದೆ, ಹಾರ್ನ್ ಶೀತವಾದ ಹುಂಜದ ಹಾಗೆ ಕೂಗುತ್ತದೆ. ಬ್ಯಾಟರಿ ಒಂದೇ ತಿಂಗಳಿನದು! ಪಕ್ಕದ ಮನೆಯ ಹುಡುಗನ ಮಲ್ಟಿಮೀಟರ್ ತಂದಿದ್ದೇನೆ. ಗಾಡಿ ನಿಂತಾಗ ಬ್ಯಾಟರಿಯಲ್ಲಿ 12.1, ಆಕ್ಸಿಲರೇಟರ್ ಕೊಟ್ಟಾಗ 12.4. ಇದೂ ಆ ಶಾರ್ಟಿನಿಂದಲೇ ಆಗಿದ್ದಾ?

ಕಾಳಿ ದಡದವ (ಕಾರವಾರ)
ಎಂಜಿನ್ ಹುಟ್ಟಿಸುವ ಕರೆಂಟನ್ನು ಬ್ಯಾಟರಿಗೆ ಒಗ್ಗುವ ಹಾಗೆ ಮಾಡುವ ರೆಕ್ಟಿಫೈಯರ್ ಹೋಗಿದೆ. ಹುಬ್ಬಳ್ಳಿಯಿಂದ ತರಿಸಿ.

ಹಳೇ ವೈರ್‌ಮನ್ (ಅಂಕೋಲಾ)
ತಾಳಿ ಮಾರಾಯ್ರೆ, ಅವನ ಕಿಸೆಗೆ ಮತ್ತೆ ಕೈ ಹಾಕಬೇಡಿ.

ತುಂಬಿದ ಬ್ಯಾಟರಿ ಸುಮ್ನೆ ಇಟ್ಟಾಗ 12.6 ತೋರಿಸಬೇಕು. ಎಂಜಿನ್ ಮಧ್ಯಮ ವೇಗದಲ್ಲಿದ್ದಾಗ ಹದಿಮೂರೂವರೆಯಿಂದ ಹದಿನಾಲ್ಕೂವರೆ. ಹದಿನೈದು ದಾಟಿದರೆ ಬ್ಯಾಟರಿ ಕುದಿಯುತ್ತದೆ. ನಿನ್ನದು 12.4, ಅಂದ್ರೆ ಚಾರ್ಜ್ ಬರುತ್ತಿದೆ, ಸಾಲುತ್ತಿಲ್ಲ. ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್ ಪೂರ್ತಿ ಸತ್ತಿದ್ದರೆ ಅಷ್ಟೂ ಏರುತ್ತಿರಲಿಲ್ಲ.

ಮೀಟರ್ ಡಿಸಿ ವೋಲ್ಟಿನಲ್ಲಿಡು. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಆನ್ ಇರಲಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ವೈರಿಗಲ್ಲ, ಬ್ಯಾಟರಿಯ ತುದಿಗೇ. ಇನ್ನೊಂದು ಕಡ್ಡಿ ಎಂಜಿನ್ ಮೈಗೆ. ಆಮೇಲೆ ಫ್ರೇಮಿಗೆ. ಆಮೇಲೆ ರೆಕ್ಟಿಫೈಯರಿನ ಮೈಗೆ. ಎಲ್ಲವೂ ಮೈನಸ್ಸೇ, ಹಾಗಾಗಿ ಎಲ್ಲ ಕಡೆ ಸೊನ್ನೆ ಬರಬೇಕು. 0.1, 0.2 ಬಂದರೆ ಬಿಡು. ಅದಕ್ಕಿಂತ ಜಾಸ್ತಿ ಎಲ್ಲಿ ಬಂತೋ ಅಲ್ಲಿ ಅರ್ಥ್ (ಬ್ಯಾಟರಿ ಮೈನಸ್‌ಗೆ ಕರೆಂಟ್ ಮರಳುವ ದಾರಿ) ಕೂತಿಲ್ಲ.

ಗೋಕರ್ಣ ರೋಡ್ ಅಕ್ಕ
ತಮ್ಮಾ, ಗಾಡಿಗೆ ಹೊಸ ಪೇಂಟ್ ಮಾಡಿಸಿದ್ದೀರಾ?

ಶಿರಸಿ ಗುಡುಗುಡು
ಅಕ್ಕಾ, ನಿಮಗೆ ಹೇಗೆ ಗೊತ್ತಾಯ್ತು? ಹೋದ ದೀಪಾವಳಿಗೆ ಪೂರ್ತಿ ಬಿಚ್ಚಿ ಫ್ರೇಮಿಗೂ ಪೇಂಟ್ ಹೊಡೆಸಿದೆ, ಕಪ್ಪು. ಕನ್ನಡಿ ಹಾಗಿದೆ.

ಅಳತೆ: ಎಂಜಿನ್ 0.1, ಫ್ರೇಮ್ 0.1, ರೆಕ್ಟಿಫೈಯರ್ ಮೈ 1.6!

ಗೋಕರ್ಣ ರೋಡ್ ಅಕ್ಕ
ನನಗೂ ಅದೇ ಆಗಿತ್ತು, ಅದಕ್ಕೇ ಕೇಳಿದೆ. ಪೇಂಟಿನ ಮೇಲೆ ಬೋಲ್ಟ್ ಕೂರಿಸಿದರೆ ಕರೆಂಟ್ ಹೇಗೆ ದಾಟಬೇಕು? ಬೋಲ್ಟಿನ ಪಟ್ಟೆಯಲ್ಲಿ ಎಲ್ಲೋ ಚೂರು ಲೋಹ ತಾಗಿದಲ್ಲಿ ನುಸುಳುತ್ತದೆ ಅಷ್ಟೆ. ಗಾಡಿ ಚೆಂದ ಮಾಡಿಸಿದವರೆಲ್ಲ ಆರು ತಿಂಗಳಿಗೆ ಬ್ಯಾಟರಿ ಅಂಗಡಿಗೆ ಹೋಗುವುದು ಇದೇ ಕಾರಣಕ್ಕೆ. ರೆಕ್ಟಿಫೈಯರ್ ಬಿಚ್ಚಿ, ಕೂರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಪೇಂಟ್ ಕೆರೆದು ಬೆಳ್ಳಗೆ ಮಾಡಿ. ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಹಾಗೇ ರೆಕ್ಟಿಫೈಯರ್ ಮೈಯಿಂದ ಬ್ಯಾಟರಿ ಮೈನಸ್‌ಗೆ ಬೇರೆ ಒಂದು ದಪ್ಪ ವೈರ್ ಎಳೆದುಬಿಡಿ. ಬ್ಯಾಟರಿ ತುದಿಗೆ ಬಿಳಿ ಬೂದಿ ಕಟ್ಟಿದ್ದರೆ ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ, ಸೆಲ್ಲಿನೊಳಗೆ ಒಂದು ಹನಿಯೂ ಬೀಳಬಾರದು.

ಎಜ್ಡಿ ಪ್ರೇಮಿ (ಯಲ್ಲಾಪುರ)
12.4ಕ್ಕೆ ಆ 1.6 ಸೇರಿಸಿದರೆ ಬರೋಬ್ಬರಿ 14. ಲೆಕ್ಕ ತಾಳೆಯಾಯಿತು ನೋಡಿ! ಅಕ್ಕಾ, ನೀವು ನಮ್ಮ ಪಂಗಡಕ್ಕೆ ಬನ್ನಿ, 6 ವೋಲ್ಟಿನಲ್ಲಿ ಇನ್ನೂ ಮಜಾ ಇದೆ.

ಗೋಕರ್ಣ ರೋಡ್ ಅಕ್ಕ
ಬೇಡಪ್ಪಾ. 12 ವೋಲ್ಟಿನ ಮಜಾವೇ ಸಾಕಾಗಿದೆ.

ಶಿರಸಿ ಗುಡುಗುಡು
ಕೆರೆದೆ. ಕನ್ನಡಿಯ ಹಾಗಿದ್ದ ಪೇಂಟನ್ನು ಬ್ಲೇಡಿನಲ್ಲಿ ಕೆರೆಯುವಾಗ ಹೊಟ್ಟೆ ಉರಿಯಿತು. ಈಗ ಆಕ್ಸಿಲರೇಟರ್ ಕೊಟ್ಟರೆ 14.0, ಹೆಡ್‌ಲೈಟ್ ಹಾಕಿದರೂ 13.7. ಹಾರ್ನ್ ಕೇಳಿ ಪಕ್ಕದ ಮನೆಯ ನಾಯಿ ಓಡಿತು.

ಕಾಳಿ ದಡದವ (ಕಾರವಾರ)
ಒಪ್ಪಿದೆ, ರೆಕ್ಟಿಫೈಯರ್ ಅಲ್ಲ. ಆದ್ರೂ ಇಗ್ನಿಷನ್ ಕಿಟ್ ವಿಷಯದಲ್ಲಿ ನಾನು ಸೋತಿಲ್ಲ. ಹೆಡ್‌ಲೈಟಿಗೆ ಎಲ್ಇಡಿ ಹಾಕಿದರೆ ಬ್ಯಾಟರಿ ಮೇಲಿನ ಹೊರೆಯೂ ಕಡಿಮೆ.

ಹಳೇ ವೈರ್‌ಮನ್ (ಅಂಕೋಲಾ)
ಎಲ್ಇಡಿ ಹಾಕುವ ಮೊದಲು ಹೆಡ್‌ಲೈಟ್ ಬ್ಯಾಟರಿಯಿಂದ ಬರುತ್ತದೋ ನೇರ ಮ್ಯಾಗ್ನೆಟ್ಟಿನಿಂದಲೋ ನೋಡಬೇಕು. ನೇರ ಬರುವ ಗಾಡಿಗೆ ಹಾಕಿದರೆ ಜಾತ್ರೆಯ ಸೀರಿಯಲ್ ಸೆಟ್ ಹಾಗೆ ಮಿಣುಕುತ್ತದೆ.

ಕಿಟ್ ಕೆಟ್ಟದು ಅಂತ ನಾನೂ ಹೇಳುವುದಿಲ್ಲ. ಆದರೆ ಅದು ಸತ್ತರೆ ದಾರಿ ಮಧ್ಯದ ರಾಗಿಹೊಸಳ್ಳಿಯಲ್ಲಿ ಯಾರು ಕೊಡುತ್ತಾರೆ? ಪಾಯಿಂಟ್ ಸತ್ತರೆ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿಯಲ್ಲಿ) 0.35ರಿಂದ 0.40 ಮಿಲಿಮೀಟರ್ ಸಂದು ಇಟ್ಟು ಮನೆಗೆ ಬರಬಹುದು. ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ, ಬಿಸಿಯಾದಾಗ ಮಾತ್ರ ಪಟಪಟ ಅನ್ನುತ್ತಿದ್ದರೆ, ಕಂಡೆನ್ಸರ್ ಬದಲಿಸಿ. ನನ್ನ ಟೂಲ್ ಬಾಕ್ಸಿನಲ್ಲಿ ಒಂದು ಕಂಡೆನ್ಸರ್ ಯಾವಾಗಲೂ ಇರುತ್ತದೆ, ವೀಳ್ಯದ ಸಂಚಿಯಲ್ಲಿ ಸುಣ್ಣ ಇದ್ದ ಹಾಗೆ.

ಶಿರಸಿ ಗುಡುಗುಡು
ನಿನ್ನೆ ಇಳಿದೆ. ದೇವಿಮನೆ ದೇವಸ್ಥಾನದ ಹತ್ತಿರ ನಿಲ್ಲಿಸಿ, ಕೈ ಮುಗಿದು, ಎಡ ತಿರುವು ಬಂದಾಗೆಲ್ಲ ಬೇಕೆಂದೇ ಮುಂದಿನ ಬ್ರೇಕ್ ಹಿಡಿದೆ. ಮಳೆ ಜೋರು. ಮುಳ್ಳು ಅಲ್ಲಾಡಲಿಲ್ಲ. ಹೆಂಡತಿ ಹಿಂದೆಯೇ ಇದ್ದಳು, ಕತಗಾಲದವರೆಗೆ ನನ್ನ ರೇನ್‌ಕೋಟ್ ಗಟ್ಟಿಯಾಗಿ ಹಿಡಿದುಕೊಂಡು. ಚಹಾ ಕುಡಿಯುವಾಗ "ಅಂದು ಮೀಟರ್ ಮುಳ್ಳು ಬಡೀತು ಅಂತ ಮನೆಗೆ ಬಂದು ನೀವೇ ಹೇಳಿರಲಿಲ್ವಾ? ಅದನ್ನ ಮೆಕ್ಯಾನಿಕ್ಕಿಗೆ ಯಾಕೆ ಹೇಳಲಿಲ್ಲ?" ಅಂದಳು. ಉತ್ತರ ಇರಲಿಲ್ಲ.

ಅಣ್ಣಾ, ಇನ್ನೊಂದು ಸಣ್ಣದು. ಎಡಗಡೆ ಚೈನ್ ಕೇಸಿನಿಂದ ಮ್ಯಾಗ್ನೆಟ್ ವೈರ್ ಹೊರಗೆ ಬರುವಲ್ಲಿ ಎಣ್ಣೆ ಒಸರುತ್ತಿದೆ. ವೈರ್ ಮುಟ್ಟಿದರೆ ಬೆಣ್ಣೆ ಸವರಿದ ಹಾಗೆ.

ಹಳೇ ವೈರ್‌ಮನ್ (ಅಂಕೋಲಾ)
ಅಲ್ಲೊಂದು ರಬ್ಬರ್ ಇರುತ್ತದೆ, ವಯಸ್ಸಾಗಿ ಕಲ್ಲಾಗಿರಬೇಕು. ಒರೆಸಿ ಒಣಗಿಸಿ, ಕಾಗದ ಸುತ್ತಿ ರಾತ್ರಿ ಬಿಡು. ಬೆಳಿಗ್ಗೆ ಕಾಗದ ಎಷ್ಟು ತೊಯ್ದಿದೆ ಅಂತ ಫೋಟೋ ಹಾಕು. ಲಗ್ನಪತ್ರಿಕೆ ಬೇಡ, ಪೇಪರ್ ಸಾಕು.